ಗುಡ್ಡಕ್ಕೆ ಹಾಕಿದ ಕೆಂಪು

ಮನೆತನದಲ್ಲಿ ಮೊದಲ ಪದವೀಧರನಾಗುವುದರಲ್ಲಿ ಒಂದು ಕಷ್ಟ ಉಂಟು. ಇವನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲವೆಂದು ಮನೆಯವರು ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ. ಮನೆಯೊಳಗೆ ಮಾತ್ರ ಅವನ ಒಂದು ಮಾತನ್ನೂ ನಂಬುವುದಿಲ್ಲ. ನಾನು ಓದಿದ್ದು ಭೂವಿಜ್ಞಾನ. ಬೀಡಿ ಕಟ್ಟಿ ಓದಿಸಿದ ಅಮ್ಮ, ಕಪ್ಪು ಗೌನು ತೊಟ್ಟ ನನ್ನ ಫೋಟೊಕ್ಕೆ ದೊಡ್ಡ ಗಾಜು ಹಾಕಿಸಿ, ಪುತ್ತಿಗೆಯ ನಮ್ಮ ಮನೆಗೆ ಬಂದವರ ಕಣ್ಣು ತಪ್ಪಿಸಲಾಗದಂತೆ ಎದುರು ಗೋಡೆಯಲ್ಲೇ ತೂಗುಹಾಕಿದ್ದರು. ನೋಡಿದ ನೆರೆಯವರು, “ಭೂಮಿಯ ವಿಷಯ ಓದಿದ್ದಲ್ಲವಾ? ಬಾವಿಗೊಂದು ಜಾಗ ತೋರಿಸು” ಎನ್ನುತ್ತಿದ್ದರು. ತೋರಿಸಿದರೆ ಬೇರೆ ಕಡೆ ತೋಡುತ್ತಿದ್ದರು.

ಎಂಬತ್ತರ ದಶಕದಲ್ಲಿ, ಬಂಟ್ವಾಳದ ನಮ್ಮ ಕಚೇರಿಗೆ ಗುಡ್ಡ ಜರಿಯುವ ಭಯವಿರುವ ಜಾಗಗಳ ನಕ್ಷೆ ಮಾಡುವ ಕೆಲಸ ಬಂತು. ಹೊರದೇಶಗಳಲ್ಲಿ ಇದನ್ನೆಲ್ಲ ಕಂಪ್ಯೂಟರೇ ಮಾಡುತ್ತದೆಂದು ಸಾಹೇಬರು ಎಲ್ಲೋ ಕೇಳಿ ಬಂದಿದ್ದರು. ನಮ್ಮಲ್ಲಿ ಕಂಪ್ಯೂಟರಿನ ಜಾಗದಲ್ಲಿ ನಾನಿದ್ದೆ. ಇಳಿಜಾರು ಒಂದು ಪಾರದರ್ಶಕ ಹಾಳೆಯಲ್ಲಿ, ಮಣ್ಣಿನ ಗುಣ ಇನ್ನೊಂದರಲ್ಲಿ, ನೀರಿನ ದಾರಿ ಮತ್ತೊಂದರಲ್ಲಿ, ಮನುಷ್ಯರು ಕಡಿದ ಮತ್ತು ಕಡಿಯಲು ಗುರುತು ಹಾಕಿದ ಜಾಗ ನಾಲ್ಕನೆಯದರಲ್ಲಿ. ಅಪಾಯ ಹೆಚ್ಚಾದಷ್ಟೂ ಪೆನ್ಸಿಲು ಗಾಢ. ನಾಲ್ಕನ್ನೂ ಗಾಜಿನ ಮೇಲೆ ಪೇರಿಸಿ ಕೆಳಗೆ ಬಲ್ಬು ಹೊತ್ತಿಸಬೇಕು. ಬೆಳಕು ದಾಟದ ಕಡೆಗೆ ಕೆಂಪು ಬಣ್ಣ, ಚೆನ್ನಾಗಿ ದಾಟಿದ ಕಡೆಗೆ ಹಸಿರು. ಕಚೇರಿಯಲ್ಲಿ ಗಾಜಿರಲಿಲ್ಲ. ಮನೆಯಲ್ಲಿದ್ದದ್ದು ಒಂದೇ ಗಾಜು. ಅದರ ಹಿಂದೆ ನಾನು ಗೌನು ತೊಟ್ಟು ನಿಂತಿದ್ದೆ.

“ಅದನ್ನು ಬಿಚ್ಚಿದರೆ ಫೋಟೊ ಹಾಳಾಗ್ತದೆ. ಮತ್ತೆ ನೀನು ಬಿ.ಎಸ್ಸಿ. ಅಂತ ಬಂದವರಿಗೆ ಗೊತ್ತಾಗುವುದು ಹೇಗೆ?” ಎಂದರು ಅಮ್ಮ.

“ನಾನೇ ಹೇಳ್ತೇನಲ್ಲ.”

“ಅದು ನೀನು ಹೇಗೂ ಹೇಳ್ತೀ.”

ಅಂತೂ ಗಾಜು ಸಿಕ್ಕಿತು. ಮನೆಯಲ್ಲೇ ಬಲ್ಬು ಹೊತ್ತಿಸಿ ಕೂತೆ. ಎಲ್ಲಕ್ಕಿಂತ ಕಪ್ಪಾಗಿ ಕಂಡದ್ದು ಬೆಳ್ತಂಗಡಿಯಾಚೆಗಿನ ಒಂದು ಇಳಿಜಾರು. ಅಲ್ಲಿ ನಮ್ಮ ಭಾವ ಗುಡ್ಡ ಕಡಿದು ಮನೆ ಕಟ್ಟುವವರಿದ್ದರು. ಅವರದು ಪೇಟೆಯಲ್ಲಿ ಸಣ್ಣ ಹೋಟೆಲು. ಅದರ ಹಿಂದಿನ ಹೊಗೆ ತುಂಬಿದ ಕೋಣೆಯಲ್ಲಿ ಸಂಸಾರ ಮಾಡಿದ ಅಕ್ಕ ಹೊಸ ಮನೆಯ ಕನಸಿನಲ್ಲೇ ಬದುಕಿದ್ದಳು. ಕಡಿಯುವ ಆಳುಗಳಿಗೂ ಹೇಳಿಯಾಗಿತ್ತು. ಅಲ್ಲಿ ಕಡಿಯಬೇಡಿ ಎಂದು ನಾನು ಹೇಳಿಕಳಿಸಿದ್ದೇ ತಡ, ಭಾವ ಅಕ್ಕನನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು.

“ಪೆನ್ಸಿಲು ನಿನ್ನದೇ ಅಲ್ಲವಾ ಮಾರಾಯ? ನನ್ನ ಜಾಗಕ್ಕೊಂದು ಹಸಿರು ಹಾಕು.”

“ಹಸಿರು ಹಾಕಿದ್ದಕ್ಕೆ ಗುಡ್ಡ ನಿಲ್ಲುವುದಿಲ್ಲ ಭಾವ.”

“ಅಜ್ಜನ ಕಾಲದಿಂದ ನಿಂತ ಗುಡ್ಡ. ನೀನು ಪಾಸಾಗಲಿ ಅಂತ ಕಾದು ಈಗ ಬೀಳ್ತದಾ?”

ನಾನು ಮುರಕಲ್ಲು, ಅದರಡಿಯ ಜೇಡಿಮಣ್ಣು, ಅಂತರ್ಜಲ ಎಂದು ಶುರುಮಾಡಿದೆ. ಭಾವ ಆಕಳಿಸಿದರು. ಅಷ್ಟರಲ್ಲಿ ಅಕ್ಕ ನೀರುದೋಸೆಯ ತಟ್ಟೆ ತಂದಿಟ್ಟಳು. ನನಗೇನು ಹೊಳೆಯಿತೋ, ಒಂದನ್ನೆತ್ತಿ ಬಲ್ಬಿಗೆ ಹಿಡಿದೆ. ಬೆಳಕು ಚೆನ್ನಾಗಿ ದಾಟಿತು. ಮೇಲೆ ಮತ್ತೆ ಮೂರು ಪೇರಿಸಿದೆ. ಕತ್ತಲೆ.

“ಒಂದೇ ಕಾರಣಕ್ಕೆ ಗುಡ್ಡ ಬೀಳುವುದಿಲ್ಲ ಭಾವ. ಎಲ್ಲ ಕಾರಣ ಒಂದೇ ಕಡೆ ಸೇರಿದರೆ ಹೀಗೆ.”

ದೋಸೆಯ ಭಾಷೆ ಹೋಟೆಲಿನವರಿಗೆ ತಿಳಿಯದೆ ಇರುತ್ತದೆಯೇ? ಭಾವ ಮೇಲಿನದೊಂದನ್ನು ತೆಗೆದು ನೋಡಿದರು. ಬೆಳಕು ಸ್ವಲ್ಪ ಬಂತು.

“ಇದು ಯಾವುದು?”

“ಅದು ನೀವು ಗುಡ್ಡ ಕಡಿಯುವುದು. ನಮ್ಮ ಕೈಯಲ್ಲಿ ತೆಗೆಯಲಿಕ್ಕಾಗುವುದು ಅದೊಂದೇ.”

ಭಾವ ಆ ದೋಸೆಯನ್ನು ಮತ್ತೆ ಮೇಲಿಟ್ಟು ನೋಡಿ, ಮತ್ತೆ ತೆಗೆದರು. ಅಕ್ಕ, “ಗುಡ್ಡದಿಂದ ದೂರ, ಗದ್ದೆಬದಿಯಲ್ಲಿ ಕಟ್ಟುವ. ಮನೆ ಸಣ್ಣದಾದರೂ ಅಡ್ಡಿಯಿಲ್ಲ, ಮಳೆ ಬಂದಾಗ ನಿದ್ದೆ ಬಂದರೆ ಸಾಕು” ಎಂದಳು. ಭಾವ ನನ್ನ ವಿಜ್ಞಾನವನ್ನು ಕಾಯಿಬೆಲ್ಲದೊಂದಿಗೆ ತಿಂದು ಮುಗಿಸಿ, ಆಳುಗಳಿಗೆ ಬೇಡವೆಂದು ಹೇಳಲು ಹೊರಟರು.

ಮನೆ ಗದ್ದೆಬದಿಯಲ್ಲೇ ಎದ್ದಿತು. ಅಕ್ಕನಿಗೆ ನಿದ್ದೆ ಬರುತ್ತದೆ. ಕಡಿಯದೆ ಬಿಟ್ಟ ಆ ಗುಡ್ಡ ಮಾತ್ರ ಎಷ್ಟು ಮಳೆಗಾಲ ಕಳೆದರೂ ಅಲುಗಲಿಲ್ಲ. “ಏನು ಬಿ.ಎಸ್ಸಿ., ನಿನ್ನ ಕೆಂಪಿಗೆ ಈ ವರ್ಷವೂ ರಜೆಯಾ?” ಎಂದು ಭಾವ ಕೇಳುತ್ತಲೇ ಇದ್ದಾರೆ. ಜಡಿಮಳೆ ಹಿಡಿದಾಗ, ಯಾರಿಗೂ ತಾಗದಂತೆ ಒಂದು ಬುಟ್ಟಿ ಮಣ್ಣಾದರೂ ಜಾರಬಾರದೇ ಎಂದು ನನ್ನ ಪದವಿ ಒಳಗೊಳಗೇ ಆಸೆಪಡುವುದುಂಟು.

ಬಲ್ಬಿನ ಕಾವಿಗೆ ಗಾಜು ಒಡೆದುಹೋಯಿತು. ಫೋಟೊದಲ್ಲಿ ನನ್ನ ಅರ್ಧ ಮುಖವನ್ನು ಹುಳ ತಿಂದಿದೆ. ಬಂದವರು ಕೇಳಿದರೆ ಅಮ್ಮ ಹೆಮ್ಮೆಯಿಂದ ಹೇಳುತ್ತಾರೆ: “ಅದರ ಗಾಜು ಉಂಟಲ್ಲ, ನನ್ನ ಮಗಳ ಸಂಸಾರ ಉಳಿಸಿದ್ದು ಅದು.”

ಗೌನು ತೊಟ್ಟವನು ಯಾರೆಂದು ಈಗ ಯಾರೂ ಕೇಳುವುದಿಲ್ಲ. ನಾನೇ ಹೇಳುತ್ತೇನೆ.