ಪುಸ್ತಕದಲ್ಲಿ ನಡೆದ ಅಜ್ಜಿ

ಈ ಎಲ್ಲ ಫಜೀತಿಗೂ ಕಾರಣ ಪೆನ್ನಿನ ಒಂದು ಸಣ್ಣ ಗೀಟು. ಆರೈಕೆ ಕೇಂದ್ರದ ದಿನಚರಿ ಪುಸ್ತಕದಲ್ಲಿ 'ಬೀದಿಯ ಕೊನೆಯವರೆಗೆ ನಡೆಸಲಾಯಿತು, ದಿನಕ್ಕೆ ಎರಡು ಬಾರಿ' ಎಂಬ ಸಾಲಿನ ಮುಂದೆ ಹಾಕುವ ಸರಿ ಗುರುತು.

ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಅಜ್ಜಿಯನ್ನು ಹಗಲು ಹೊತ್ತು ನೋಡಿಕೊಳ್ಳಲು ಕೇಂದ್ರದವರು ಅವನನ್ನು ಕಳಿಸಿದ್ದರು. ಅಜ್ಜಿಯ ಮಗಳು ಎಂಟೂವರೆಗೆ ಕೆಲಸಕ್ಕೆ ಹೊರಟರೆ ಬರುವುದು ಸಂಜೆಯೇ. ಕೇಂದ್ರದವರು ಕೊಟ್ಟ ಕೋಟಿನಿಂದಾಗಿ ಬೀದಿಯವರ ಬಾಯಲ್ಲಿ ಅವನು 'ಬಿಳಿಕೋಟು' ಆಗಿದ್ದ.

ಬಿಳಿಕೋಟು ಕೆಟ್ಟವನೇನಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಿದ್ದ, ಊಟ ಮಾಡಿಸುತ್ತಿದ್ದ, ಬೆನ್ನು ಒರೆಸುತ್ತಿದ್ದ. ನಡೆಸುವುದೊಂದೇ ಅವನಿಂದ ಆಗದ ಕೆಲಸ. ಮೊದಲ ದಿನ ಬಾಗಿಲ ಮೆಟ್ಟಿಲ ಮೇಲೆ ಅಜ್ಜಿ ತೂರಾಡಿದ್ದನ್ನು ಕಂಡು ಅವನ ಜೀವ ಬಾಯಿಗೆ ಬಂದಿತ್ತು. ಅಜ್ಜಿ ಬಿದ್ದರೆ ಕೆಲಸ ಹೋಗುತ್ತದೆ, ಮಲಗಿದವರು ಬೀಳುವುದಿಲ್ಲ. ಹೀಗೆ ಯೋಚಿಸಿ ಅವನು ಐದು ತಿಂಗಳು ಅಜ್ಜಿಯನ್ನು ಹಾಸಿಗೆಯಿಂದ ಬಚ್ಚಲಿನವರೆಗಿನ ಎಂಟು ಹೆಜ್ಜೆಯಲ್ಲೇ ಇಟ್ಟಿದ್ದ. ಗುರುತು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಸೋಮವಾರ ಕುಳಿತು ಭಾನುವಾರದವರೆಗಿನದನ್ನೂ ಹಾಕಿ ಮುಗಿಸುವಷ್ಟು ಅಚ್ಚುಕಟ್ಟು ಅವನದು.

ಆ ದಿನ ಒಂಬತ್ತಕ್ಕೆ ಕೇಂದ್ರದ ಮೇಡಂ ಫೋನು ಮಾಡಿದರು. "ಹನ್ನೊಂದಕ್ಕೆ ಬರ್ತೀನಿ. ಅಜ್ಜಿ ನಡೆಯೋದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು."

ಬಿಳಿಕೋಟು ಒಂದೇ ಓಟಕ್ಕೆ ಎದುರುಮನೆಯ ದರ್ಜಿಯಕ್ಕನ ಕಿಟಕಿಯ ಮುಂದೆ ನಿಂತ.

"ಅಕ್ಕಾ, ಯಾರಾದ್ರೂ ಕೇಳಿದ್ರೆ ಅಜ್ಜಿ ದಿನಾ ನಡೀತಾರೆ ಅನ್ನಿ."

"ಐದು ತಿಂಗಳಿಂದ ಇದೇ ಕಿಟಕೀಲಿ ಕೂತು ಹೊಲೀತಿದೀನಿ. ಒಂದಿನಾನೂ ಕಾಣ್ಲಿಲ್ವಲ್ಲೋ!"

"ಅದಕ್ಕೇ ಅಕ್ಕಾ ಕೇಳ್ಕೊಳ್ತಿರೋದು. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

"ಛೀ, ನನ್ನ ಬಾಯಲ್ಲಿ ಸುಳ್ಳು ಹೇಳಿಸ್ತೀಯಾ?" ಎಂದು ದರ್ಜಿಯಕ್ಕ ಹಲ್ಲಿನಲ್ಲಿ ದಾರ ಕಡಿದಳು. "ದಿನಕ್ಕೆ ಎಷ್ಟು ಸಲ ಅನ್ಬೇಕು?"

"ಎರಡು."

ಕಾಂಪೌಂಡಿನಾಚೆಯಿಂದ ನಿವೃತ್ತ ಡ್ರಿಲ್ ಮೇಷ್ಟ್ರ ತಲೆ ಮೇಲೆದ್ದಿತು. "ನಾನೂ ಸಾಕ್ಷಿ ಹೇಳ್ತೀನಿ ಬಿಡಯ್ಯ. ಆದ್ರೆ ನಡಿಗೆ ಶಿಸ್ತಾಗಿರ್ಬೇಕು!"

ಬಿಳಿಕೋಟು ಮಂಚದ ಕೆಳಗಿದ್ದ ವಾಕರ್ ಎಳೆದು ಜೇಡರ ಬಲೆ ಒರೆಸಿದ. "ಅಜ್ಜೀ, ಏಳಿ. ಹೊರಗೆ ಹೋಗೋಣ."

"ಯಾಕಪ್ಪಾ, ಮನೆಗೆ ಬೆಂಕಿ ಬಿತ್ತಾ?"

"ಮೇಡಂ ಬರ್ತಿದಾರೆ ಅಜ್ಜೀ, ನೀವು ನಡೀದಿದ್ರೆ ನನ್ನ ಕೆಲಸ ಹೋಗುತ್ತೆ."

ಆಗಷ್ಟೇ ಹುಟ್ಟಿದ ಕರುವಿನಂತೆ ಅಜ್ಜಿಯ ಕಾಲುಗಳು ಒಂದೊಂದು ದಿಕ್ಕಿಗೆ ಹೊರಟವು. ಒಂದು ತೋಳಿಗೆ ಬಿಳಿಕೋಟು, ಹಿಂದೆ ಕುರ್ಚಿ ಹೊತ್ತ ದರ್ಜಿಯಕ್ಕ, ಮುಂದೆ ಡ್ರಿಲ್ ಮೇಷ್ಟ್ರು. "ಎಡ! ಬಲ! ಎಡ!"

"ಮೇಷ್ಟ್ರೇ, ನನ್ನ ಕಾಲಿಗೆ ಕಿವಿ ಇಲ್ಲ. ಸ್ವಲ್ಪ ಸುಮ್ಮನಿರ್ತೀರಾ?"

ಬೀದಿಯಲ್ಲಿದ್ದುದು ಒಂಬತ್ತೇ ಮನೆ. ಗೇಟಿಗೊಮ್ಮೆ ಕುರ್ಚಿ ಹಾಕಿ ಕೂರಿಸಬೇಕಾಯಿತು. ಬೆವರಿನಿಂದ ಬಿಳಿಕೋಟಿನ ಕೋಟೆಲ್ಲ ಒದ್ದೆಯಾಯಿತು. ಆದರೆ ನಾಲ್ಕನೆಯ ಮನೆ ದಾಟುವಷ್ಟರಲ್ಲಿ ಕರು ಹೋಗಿ ಹಸುವಾಗಿತ್ತು. ಹೆಜ್ಜೆ ನೆಲ ಕಚ್ಚತೊಡಗಿತು. ಅಜ್ಜಿ ಒಂದು ಗೇಟಿನ ಮುಂದೆ ನಿಂತು ನೋಡಿಯೇ ನೋಡಿದರು.

"ಈ ಮನೆಗೆ ನೀಲಿ ಬಣ್ಣ ಯಾವಾಗ ಹೊಡೆಸಿದ್ರೋ?"

"ಮೂರು ತಿಂಗಳಾಯ್ತು, ಅಜ್ಜಿ" ಎಂದ ಬಿಳಿಕೋಟು.

"ಅಯ್ಯೋ, ನನಗೆ ಗೊತ್ತೇ ಆಗ್ಲಿಲ್ವಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಕಾಲಿಗೆ ಬಂದಿದ್ದ ಕಷ್ಟ ಮೂಳೆಯದಲ್ಲ, ತನ್ನ ಪೆನ್ನಿನದು ಎಂದು ಬಿಳಿಕೋಟಿಗೆ ಆಗ ಹೊಳೆಯಿತು. ಅವನು ಮತ್ತೆ ತಲೆ ಎತ್ತಲಿಲ್ಲ.

ಅಜ್ಜಿ ಬೀದಿಯ ಕೊನೆಯ ದೀಪದ ಕಂಬ ಮುಟ್ಟುವುದಕ್ಕೂ ಮೇಡಂ ಸ್ಕೂಟರು ನಿಲ್ಲಿಸುವುದಕ್ಕೂ ಸರಿಹೋಯಿತು.

"ಭೇಷ್!" ಎಂದು ಮೇಡಂ ಅವನನ್ನು ಪಕ್ಕಕ್ಕೆ ಕರೆದು, ಪೆನ್ನು ತೆಗೆದು ಸಹಿ ಹಾಕಿ ಒಂದು ಕಾಗದ ಕೊಟ್ಟರು. "ಐದು ತಿಂಗಳಿಂದ ನಿನ್ನ ಪುಸ್ತಕ ನೋಡ್ತಿದ್ವಿ. ದಿನಕ್ಕೆರಡು ಸಲ ಇಲ್ಲೀವರೆಗೆ ನಡೆಯೋರಿಗೆ ಇನ್ನು ಆರೈಕೆ ಯಾಕಪ್ಪಾ? ಈ ಮನೆ ಸೇವೆ ಇವತ್ತಿಗೆ ಮುಗೀತು. ಬೇರೆ ಮನೆ ಸಿಕ್ಕಾಗ ನಿನಗೆ ಹೇಳಿ ಕಳಿಸ್ತೀವಿ."

ಬಿಳಿಕೋಟಿಗೆ ತನ್ನ ಕೆಲಸ ಹೋದದ್ದಕ್ಕಿಂತ, ಈಗಷ್ಟೇ ಎದ್ದ ಆ ಕಾಲುಗಳು ಮತ್ತೆ ಹಾಸಿಗೆಗೆ ಹೋಗುತ್ತವಲ್ಲ ಎಂಬುದೇ ದೊಡ್ಡ ಚಿಂತೆಯಾಯಿತು.

"ಮೇಡಂ, ಪುಸ್ತಕ ಪೂರ್ತಿ ಸುಳ್ಳು! ಅಜ್ಜಿ ನಡೆದದ್ದು ಇವತ್ತೇ ಮೊದಲು. ನಾನು ನಡೆಸಿಯೇ ಇರ್ಲಿಲ್ಲ."

"ಕೆಲಸ ಹೋಗುತ್ತೆ ಅಂತ ಹೀಗೆಲ್ಲ ಹೇಳ್ಬಾರ್ದು" ಎಂದು ನಕ್ಕ ಮೇಡಂ ನೆರೆಯವರ ಕಡೆ ತಿರುಗಿದರು. "ಏನ್ರೀ, ಅಜ್ಜಿ ದಿನಾ ನಡೀತಾರಾ?"

"ದಿನಕ್ಕೆರಡು ಸಲ!" ಎಂದಳು ದರ್ಜಿಯಕ್ಕ. "ನನ್ನ ಕಿಟಕಿ ಮುಂದೇನೇ."

"ಮಳೆ ಬಂದ್ರೆ ಕೊಡೆ ಹಿಡ್ಕೊಂಡು!" ಎಂದರು ಡ್ರಿಲ್ ಮೇಷ್ಟ್ರು.

"ಅಕ್ಕಾ, ದಮ್ಮಯ್ಯ, ನಿಜ ಹೇಳಿ!"

"ನಿಜಾನೇ ಹೇಳ್ತಿರೋದು ಕಣೋ, ಹೆದರ್ಬೇಡ" ಎಂದು ದರ್ಜಿಯಕ್ಕ ಕಣ್ಣು ಮಿಟುಕಿಸಿದಳು.

ಅವನು ಕುರ್ಚಿಯಲ್ಲಿದ್ದ ಅಜ್ಜಿಯ ಬಳಿಗೆ ಓಡಿ ಮೊಣಕಾಲೂರಿದ. "ಅಜ್ಜೀ, ನೀವಾದ್ರೂ ಹೇಳಿ. ನಾನು ನಿಮ್ಮನ್ನ ನಡೆಸ್ತಿದ್ನಾ?"

ಅಜ್ಜಿ ಅವನ ಬೆವರಿದ ಮುಖ ನೋಡಿದರು, ಮೇಡಂ ಕೈಯ ಪೆನ್ನು ನೋಡಿದರು.

"ಒಂದಿನಾನೂ ತಪ್ಪಿಸಿಲ್ಲಮ್ಮಾ" ಎಂದರು ಸ್ಪಷ್ಟವಾಗಿ. "ದೇವರು ಇವನನ್ನ ಚೆನ್ನಾಗಿಟ್ಟಿರ್ಲಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಹರಕೆ ಅವನ ಬೆನ್ನಿಗೆ ಬರೆ ಎಳೆದಂತಾಯಿತು. ಮೇಡಂ ಎಲ್ಲರಿಗೂ ಕೈಮುಗಿದು ಸ್ಕೂಟರು ಏರಿ ಹೋದರು.

ಸದ್ದು ಮರೆಯಾದ ಮೇಲೆ ಅಜ್ಜಿ ಅವನ ತಲೆ ಸವರಿ ಪಿಸುಗುಟ್ಟಿದರು.

"ನಿನ್ನ ಕೆಲಸ ಉಳಿಸಿದೆ ನೋಡು. ನಾಳೆ ಎಷ್ಟು ಹೊತ್ತಿಗೆ ಹೊರಡೋಣ?"