ಸೀಸಕ್ಕೊಂದು ಅಚ್ಚು ಹುಡುಕಿದ ವಾರ

ಕೊಳಾಯಿ ಮೇಸ್ತ್ರಿ ಹಿತ್ತಲಿನಲ್ಲಿ ಒಲೆ ಹಚ್ಚಿದರೆ ಸಾಕು, ಸುತ್ತ ಸಲಹೆ ಕೊಡುವವರು ಸೇರುತ್ತಾರೆ. ಸಲಹೆ ಸೇರಿದ ಕಡೆ ನಗೆಪಾಟಲು ಆಗದೆ ಬಿಡುವುದಿಲ್ಲ. ನನ್ನ ಕಸುಬಿನ ಉದ್ದಕ್ಕೂ ಇದನ್ನು ಕಂಡಿದ್ದೇನೆ. ಒಂದೇ ವಾರದಲ್ಲಿ ಸಾಲಾಗಿ ಆದವನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಯುದ್ಧದ ಕಾಲ. ಮಳವಳ್ಳಿ ಕಡೆಯ ಒಂದು ಊರಿಗೆ ನೀರಿನ ಕೊಳಾಯಿ ಹಾಕುತ್ತಿದ್ದರು. ಬೀಡು ಕಬ್ಬಿಣದ ಕೊಳವೆ. ಒಂದರ ಬಾಯಿಗೆ ಇನ್ನೊಂದನ್ನು ಸೇರಿಸಿ, ಸಂದಿಗೆ ಸೆಣಬು ತುರುಕಿ, ಮೇಲೆ ಕರಗಿದ ಸೀಸ ಹುಯ್ಯಬೇಕು. ಅದು ನನ್ನ ಕೆಲಸ. ಹೊಸ ಸೀಸ ಬರುವುದು ನಿಂತುಹೋಗಿತ್ತು. ಓವರ್‌ಸಿಯರು ಹಳೆಯ ಕೊಳವೆಯ ತುಂಡು, ಚಹಾ ಪೆಟ್ಟಿಗೆಯ ಒಳತಗಡು, ಸಿಕ್ಕಿದ್ದನ್ನೆಲ್ಲ ಗುಡ್ಡೆ ಹಾಕಿಸಿ ಮದ್ದೂರಿನ ನನ್ನ ಮನೆಗೆ ಕಳಿಸಿದರು. ಹಿಂದೆಯೇ ತಾವೂ ಬಂದರು.

"ಇದನ್ನೆಲ್ಲ ಕರಗಿಸಿ ಸಣ್ಣ ಸಣ್ಣ ಗಟ್ಟಿ ಮಾಡಿಕೊಂಡು ಬಾ. ಒಂದೊಂದೂ ಒಂದು ರಾತಲು ತೂಕ. ಎಲ್ಲಾ ಒಂದೇ ಸಮ ಇರಬೇಕು. ಒಂದು ಸಂದಿಗೆ ಆರು ಗಟ್ಟಿ ಅಂತ ನಾನೇ ಎಣಿಸಿ ಕೊಡ್ತೀನಿ."

"ಎಣಿಸೋದು ಯಾಕೆ ಸ್ವಾಮಿ?"

"ನೀವು ಸೀಸ ಕದೀತೀರಿ, ಅದಕ್ಕೆ."

ಮುಖದ ಮೇಲೆ ಹೇಳುವ ಗುಣ ಅವರಲ್ಲಿತ್ತು. ಅದೊಂದೇ ಇತ್ತು. ಶನಿವಾರ ಮಧ್ಯಾಹ್ನದೊಳಗೆ ಗಟ್ಟಿ ಬರದಿದ್ದರೆ ಕೆಲಸ ನನ್ನ ಷಡ್ಡಕನಿಗೆ ಎಂದೂ ಹೇಳಿ ಹೋದರು.

ಷಡ್ಡಕನೂ ಇದೇ ಕಸುಬಿನವನು. ಕೆಲಸ ಹೋದರೆ ಒಂದು ವರ್ಷ ಅಂಬಲಿ ಕುಡಿದು ಬದುಕಬಹುದು. ಅದು ಅವನಿಗೆ ಹೋದರೆ, ಹಬ್ಬ ಹಬ್ಬಕ್ಕೂ ಮಾವನ ಮನೆಯಲ್ಲಿ ಊಟಕ್ಕೆ ಕೂತು ಅವನ ಬಾಯಿಂದ ಆ ಕಥೆ ಕೇಳಬೇಕು. ಅದು ನನ್ನಿಂದಾಗದು.

ಕರಗಿಸುವುದು ದೊಡ್ಡದಲ್ಲ. ಯಾವುದರೊಳಗೆ ಹುಯ್ಯುವುದು? ಅಚ್ಚು ಇರಲಿಲ್ಲ. ಸೋಮವಾರ ಹುಡುಕಲು ಹೊರಟೆ.

೧. ಇಡ್ಲಿ ತಟ್ಟೆ

ಮನೆಯಲ್ಲಿ ಹಿತ್ತಾಳೆಯ ಇಡ್ಲಿ ತಟ್ಟೆ ಒಂದಿತ್ತು. ನಾಲ್ಕು ಗುಳಿ. ಕಲಾಯಿ ಎಂದೋ ಸವೆದುಹೋಗಿತ್ತು. ನನಗೆ ಬೇಕಾದದ್ದೂ ಅದೇ. ಕಲಾಯಿ ಇದ್ದರೆ ಸೀಸ ಅದನ್ನು ಕಚ್ಚಿ ಹಿಡಿಯುತ್ತದೆ, ಬಿಡುವುದಿಲ್ಲ.

ಹೆಂಡತಿಗೆ "ನಾಳೆ ಆ ತಟ್ಟೆ ಬೇಕು" ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮಾರನೆಯ ದಿನ ಹಿತ್ತಲಿನಲ್ಲಿ ಒಲೆ ಹೂಡಿ ಸೀಸ ಕರಗಿಸಿದೆ. ಹೊಗೆಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಅವಳು ತಟ್ಟೆ ತಂದಿಟ್ಟಳು. ಹುಯ್ದೆ. ಆರಿದ ಮೇಲೆ ಬೋರಲು ಹಾಕಿದೆ. ಬೀಳಲಿಲ್ಲ. ಕುಟ್ಟಿದೆ. ಬೀಳಲಿಲ್ಲ. ಹೊಗೆಯಿಂದ ಆಚೆಗೆ ತಂದು ನೋಡಿದರೆ ತಟ್ಟೆಯ ಅಂಚು ಬೆಳ್ಳಿಯ ಹಾಗೆ ಹೊಳೆಯುತ್ತಿದೆ.

"ಇದುಕ್ಕೆ ಕಲಾಯಿ ಯಾರು ಆಕ್ಸಿದ್ದು?"

"ನಾನೇಯ. ಯಾರ ಮನೆಗೋ ಓಯ್ತದೆ ಅನ್ಕಂಡೆ. ಸವ್ದೋಗಿರೋ ತಟ್ಟೆ ಕೊಟ್ರೆ ಜನ ಏನಂದಾರು? ನೆನ್ನೆ ಸಂಜೇಲೇ ಓಗಿ ಆಕುಸ್ಕಂಡ್ ಬಂದೆ."

"ಒಂದು ಮಾತು ಕೇಳ್ಬಾರ್ದಿತ್ತಾ?"

"ನೀವು ಬಾಯ್ಬುಟ್ಟು ಏಳಿದ್ರೆ ನಿಮ್ಮ ಸೀಸ ಸವೀತಿತ್ತಾ?"

ಅವಳ ಅಪ್ಪ ಕೊಟ್ಟ ತಟ್ಟೆ. ಸೀಸವನ್ನು ಕರಗಿಸಿ ತೆಗೆದರೂ ಇನ್ನು ಅದರಲ್ಲಿ ಇಡ್ಲಿ ಬೇಯಿಸುವ ಹಾಗಿರಲಿಲ್ಲ. ಅವಳು ಅದನ್ನು ಹಾಗೆಯೇ ಎತ್ತಿಕೊಂಡು ಹೋಗಿ ತಲೆಬಾಗಿಲಿಗೆ ಒತ್ತು ಕೊಟ್ಟಳು. ಬಂದ ಹೆಂಗಸರೆಲ್ಲ ಇದೇನು ಎಂದು ಕೇಳುವರು. ಅವಳು ನನ್ನ ಕಿವಿಗೆ ಬೀಳುವ ಹಾಗೆ ಹೇಳುವಳು:

"ನಮ್ಮೆಜಮಾನ್ರು ಮಾಡಿದ್ ಇಡ್ಲಿ ಕಣಮ್ಮ. ನಾಕ್ ದಿನ ಆದ್ರೂ ಅಳಸಿಲ್ಲ."

೨. ಬೆಲ್ಲದ ಅಚ್ಚು

ಆ ಇಡ್ಲಿಯನ್ನು ಮೊದಲು ನೋಡಿದ ಗಂಡಸು ಚಿಕ್ಕರಸಿನಕೆರೆ ಕಡೆಯ ಒಬ್ಬ ಗೌಡರು. ಆಲೆಮನೆ ಇಟ್ಟವರು. ಯಾವುದೋ ಕೆಲಸಕ್ಕೆ ಮದ್ದೂರಿಗೆ ಬಂದಿದ್ದರು. ಬಂದ ಕೆಲಸ ಬಿಟ್ಟು ಒಳಗೆ ಬಂದು ಕೂತರು.

"ಅಚ್ಚು ಬೇಕು ಅಂದ್ರೆ ಆಲೆಮನೇವ್ರನ್ನ ಕೇಳ್ಬೇಕು ಕಣ್ಲಾ. ಇಡ್ಲಿ ತಟ್ಟೇಲಿ ಸೀಸ ಉಯ್ದೋನು ಈ ಸೀಮೆಗೆ ನೀನೊಬ್ನೇಯ. ನನ್ ಬೆಲ್ಲದ ಅಚ್ಚು ಕೊಡ್ತೀನಿ, ತಕ."

"ಅದು ಮರದ್ದು. ಸುಟ್ಟೋಯ್ತದೆ ಗೌಡ್ರೆ."

"ಕುದಿಯೋ ಪಾಕನೇ ತಡೀತದೆ. ನಿನ್ ಸೀಸ ಯಾವ್ ಮಹಾ?"

ಮರದ ಅಚ್ಚು ಕರಿಯಾದರೂ ಒಂದು ದಿನ ತಡೆಯಬಹುದೆಂದು ನನಗೂ ಅನ್ನಿಸಿತು. ನನಗೆ ಬೇಕಾಗಿದ್ದದ್ದು ಒಂದೇ ದಿನ. ಒಂದು ಹನಿ ನೀರೂ ಅದಕ್ಕೆ ತಾಕಬಾರದು, ತಾಕಿದರೆ ಸೀಸ ಸಿಡಿಯುತ್ತದೆ ಎಂದು ಮೂರು ಸಲ ಹೇಳಿದೆ. ಮೂರು ಸಲವೂ "ಆಯ್ತು ಬುಡ್ಲಾ" ಎಂದರು.

ಬುಧವಾರ ಅಚ್ಚಿನ ಹಲಗೆ ಹೊತ್ತುಕೊಂಡು ತಾವೇ ಬಂದರು. ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು ಕಳಿಸುವವರಲ್ಲ.

ಬೆಲ್ಲ ಹುಯ್ಯುವ ಮುಂಚೆ ಅಚ್ಚನ್ನು ನೀರಿನಲ್ಲಿ ಅದ್ದುತ್ತಾರೆ. ಇಲ್ಲದಿದ್ದರೆ ಬೆಲ್ಲ ಅಂಟುತ್ತದೆ. ಗೌಡರು ಹುಟ್ಟಿದಾಗಿನಿಂದ ಒಣ ಅಚ್ಚಿಗೆ ಹುಯ್ದವರಲ್ಲ. ನಾನು ಒಲೆಯ ಕಡೆ ತಿರುಗಿದ್ದಾಗ ಅವರ ಕೈ ಸುಮ್ಮನಿರಲಿಲ್ಲ. ಬಾನಿಯಲ್ಲಿ ಅದ್ದಿ, ಒಂದು ಸಲ ಒದರಿ, ಇದ್ದ ಜಾಗದಲ್ಲಿಯೇ ಇಟ್ಟರು.

ನನ್ನದು ಉದ್ದ ಹಿಡಿಯ ಸೌಟು. ಅದರಿಂದ ಬದುಕಿದೆ. ಮೊದಲ ಗುಳಿಗೆ ಸೀಸ ಬಿದ್ದದ್ದೇ ತಡ, ಢಮ್ ಎಂದಿತು. ಸೀಸ ಹನಿಹನಿಯಾಗಿ ಹಾರಿತು. ಒಣಗಲು ಹಾಕಿದ್ದ ಸೀರೆಗೆ ತೂತು. ಗೌಡರ ರುಮಾಲಿಗೆ ತೂತು. ನನ್ನ ಮೀಸೆ ಒಂದೇ ಕಡೆ ಉಳಿಯಿತು. ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಸಂಜೆ ಸೋಮನಹಳ್ಳಿಯಲ್ಲಿ ಸಿಕ್ಕಿತು.

ಗೌಡರು ಹುಲ್ಲಿನ ಮೆದೆಯ ಹಿಂದಿನಿಂದ ನಿಧಾನವಾಗಿ ತಲೆ ಎತ್ತಿದರು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು. ನನ್ನನ್ನು ನೋಡಿದರು. ಸೀಸದ ಬಾಣಲೆಯನ್ನು ನೋಡಿದರು.

"ಪಾಕ ಅದ ಬಂದಿರ್ನಿಲ್ಲ ಕಣ್ಲಾ," ಎಂದರು. "ಇನ್ನೊಂದ್ ಉಕ್ಕು ಬರುಸ್ಬೇಕಿತ್ತು."

೩. ಕಲ್ಲಿನ ಕಮಲ

ಸದ್ದು ಕೇಳಿ ಓಡಿಬಂದವರಲ್ಲಿ ಬಸರಾಳಿನ ಒಬ್ಬ ಕಲ್ಲುಕುಟಿಗನಿದ್ದ. ಬೀದಿ ಬೀದಿ ತಿರುಗಿ ಬೀಸುವ ಕಲ್ಲಿಗೆ ಉಳಿ ಹಾಕುವುದು ಅವನ ಕೆಲಸ. ಆದರೆ ತನ್ನ ತಾತನ ತಾತನೇ ಬಸರಾಳಿನ ದೇವಸ್ಥಾನ ಕೆತ್ತಿದ್ದೆಂದು ಹೇಳದೆ ಅವನು ಯಾರ ಮನೆಯ ಬೀಸುವ ಕಲ್ಲನ್ನೂ ಮುಟ್ಟುತ್ತಿರಲಿಲ್ಲ.

"ಮರ, ಇತ್ತಾಳೆ ಎಲ್ಲಾ ಬುಡು. ಬಳಪದ ಕಲ್ಲಲ್ಲಿ ಅಚ್ಚು ಕೆತ್ಕೊಡ್ತೀನಿ. ಬೆಂಕಿಗೂ ಜಗ್ಗಾಕಿಲ್ಲ."

ಮಾತು ಸರಿಯಾಗಿತ್ತು. ನಾನು ಒಪ್ಪಿದೆ.

"ಬಾಯಿ ಅಗಲ, ತಳ ಕಿರಿದು. ಮಗುಚಿದ್ರೆ ಬೀಳ್ಬೇಕು. ಅಷ್ಟೇಯ. ಸಿಂಗಾರ ಬ್ಯಾಡ."

"ನನಗೇ ಏಳ್ಕೊಡ್ತೀಯಾ?" ಎಂದು ಹೋದ.

ಗುರುವಾರ ಮಧ್ಯಾಹ್ನ ತಂದ. ಗುಳಿ ಇರಲಿಲ್ಲ. ಕಮಲ ಇತ್ತು. ಎಂಟು ಎಸಳು. ಒಂದೊಂದು ಎಸಳೂ ಒಳಕ್ಕೆ ಬಾಗಿ, ತುದಿಯಲ್ಲಿ ಸುರುಳಿ ಸುತ್ತಿತ್ತು. ನಡುವೆ ಒಂದು ದುಂಬಿ ಬೇರೆ. ಬೀದಿಯವರೆಲ್ಲ ಬಂದು ನೋಡಿದರು. ಎದುರು ಮನೆಯ ಅಜ್ಜಿ ಕುಂಕುಮ ಇಟ್ಟು ಹೋದಳು.

ಬೇರೆ ದಾರಿಯಿರಲಿಲ್ಲ. ಕಲ್ಲನ್ನು ಒಣಗಿಸಿ, ಬೆಚ್ಚಗೆ ಮಾಡಿ, ಸೀಸ ಹುಯ್ದೆ. ಸೀಸ ಎಂಟು ಎಸಳಿನ ಅಡಿಗೂ ಹೋಗಿ ಸುಖವಾಗಿ ಕೂತಿತು. ಮಗುಚಿದೆ. ತಟ್ಟಿದೆ. ಕಾಲಿನಿಂದ ಒದ್ದೆ.

"ಇದು ಬೀಳಾಕಿಲ್ಲ," ಎಂದೆ.

ಅವನಿಗೆ ಸಿಟ್ಟು ಬಂತು. "ಯಾಕ್ ಬೀಳ್ಬೇಕು? ನಮ್ಮ ವಂಸದೋರು ಕಲ್ಲಲ್ಲಿ ಕೂರ್ಸಿದ್ದು ಇವತ್ಗೂ ಒಂದೂ ಬಿದ್ದಿಲ್ಲ. ಬಸರಾಳ್ಗೋಗಿ ನೋಡ್ಕಂಬಾ!"

೪. ಕಾವಲಿ

ಉಳಿದದ್ದು ಒಂದು ದಿನ. ಸಂಜೆ ಜಗುಲಿಯ ಮೇಲೆ ಕೂತಿದ್ದೆ. ಷಡ್ಡಕ ಉಳಿಗಳನ್ನು ಸಾಣೆ ಹಿಡಿಸಿ ಇಟ್ಟುಕೊಂಡಿದ್ದಾನೆಂದು ಆಗಲೇ ಸುದ್ದಿ ಬಂದಿತ್ತು. ಹೆಂಡತಿ ಒಳಗಿನಿಂದ ಗುಳಿಯಪ್ಪದ ಕಾವಲಿ ತಂದು ನನ್ನ ಮುಂದೆ ಕುಕ್ಕಿದಳು.

ಬೀಡು ಕಬ್ಬಿಣದ್ದು. ಕಲಾಯಿ ಹಾಕುವ ವಸ್ತುವೇ ಅಲ್ಲ. ಏಳು ಗುಳಿ. ಬಾಯಿ ಅಗಲ, ತಳ ಕಿರಿದು. ಒಂದೊಂದು ಗುಳಿಗೆ ಸರಿಯಾಗಿ ಒಂದು ರಾತಲು.

ಶುಕ್ರವಾರ ಬೆಳಿಗ್ಗೆ ಜಿಡ್ಡು ಸುಟ್ಟುಹೋಗುವ ಹಾಗೆ ಕಾವಲಿ ಕಾಯಿಸಿ, ಸೀಸ ಹುಯ್ದು, ಮಗುಚಿದೆ. ಏಳೂ ಪಟಪಟನೆ ಬಿದ್ದವು. ಮಧ್ಯಾಹ್ನಕ್ಕೆ ಎಂಬತ್ತನಾಲ್ಕು ಗಟ್ಟಿ ಆದವು. ಇನ್ನು ಈ ಕಾವಲಿ ಒಲೆಯ ಮೇಲೆ ಏರುವಂತಿಲ್ಲ, ಹೊಸದು ತಂದುಕೊಡಿ ಎಂದಳು. ಒಪ್ಪಿದೆ.

"ಇದುನ್ನ ಸೋಮಾರನೇ ಏಳ್ಬಾರ್ದಿತ್ತಾ?" ಎಂದೆ.

"ಚಿಕ್ಕರಸಿನಕೆರೇವ್ರನ್ನ ಕೇಳುದ್ರಿ. ಬಸರಾಳ್ನೋರ್ನ ಕೇಳುದ್ರಿ," ಎಂದಳು. "ಅಡುಗೆಮನೆ ಅಷ್ಟು ದೂರ ಅಂತ ನಂಗೊತ್ತಿರ್ನಿಲ್ಲ."

೫. ಎಂಬತ್ತನಾಲ್ಕು

ಶನಿವಾರ ಬೆಳಿಗ್ಗೆ ಗಟ್ಟಿಗಳನ್ನು ಎರಡು ಗೋಣಿಚೀಲಕ್ಕೆ ತುಂಬಿ ಮಳವಳ್ಳಿ ಬಸ್ಸು ಹತ್ತಿದೆ. ಚಳವಳಿಯ ಗಲಾಟೆಯ ದಿನಗಳು. ದಾರಿಯಲ್ಲಿ ಒಂದು ಠಾಣೆಯ ಮುಂದೆ ಬಸ್ಸು ನಿಲ್ಲಿಸಿ ತಪಾಸಣೆ ಮಾಡುತ್ತಿದ್ದರು. ಆಯುಧಗಳನ್ನು ಪತ್ತೆ ಮಾಡಿ ಎಂದು ಅಲ್ಲಿನ ದಫೇದಾರರಿಗೆ ಮೇಲಿನಿಂದ ಕಾಗದ ಬಂದು ಎರಡು ತಿಂಗಳಾಗಿತ್ತು. ಅಲ್ಲಿಯವರೆಗೆ ಅವರು ಹಿಡಿದದ್ದು ಕಬ್ಬು ಕಡಿಯುವ ಒಂದು ಮಚ್ಚು. ಅದೂ ಅವರ ಮಾವನದು.

ಚೀಲ ಬಿಚ್ಚಿದರು. ಒಂದು ಗಟ್ಟಿಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. ಮುಖ ಅರಳಿತು.

"ಏನಯ್ಯಾ ಇದು?"

"ಸೀಸ."

"ಸೀಸದಲ್ಲಿ ಏನ್ ಮಾಡ್ತಾರೆ?"

"ಕೊಳಾಯಿ ಬೆಸೀತಾರೆ."

"ಕೋವಿಗೆ ಗುಂಡು ಮಾಡ್ತಾರೆ!"

"ಇಷ್ಟು ದಪ್ಪ ಗುಂಡು ಯಾವ ಕೋವಿಗೆ ಇಡುಸ್ತದೆ ಸ್ವಾಮಿ?"

"ಅದನ್ನೇ ನಾನು ಕೇಳ್ತಿರೋದು. ಫಿರಂಗಿ ಎಲ್ಲಿಟ್ಟಿದ್ದೀಯ?"

ಗುಳಿಯಪ್ಪದ ಕಾವಲಿಯಲ್ಲಿ ಹುಯ್ದದ್ದು ಎಂದೆ. ಬರೆದುಕೊಳ್ಳುತ್ತಿದ್ದ ಪೇದೆ ತಲೆ ಎತ್ತಿದ. "ಗುಳಿಯಪ್ಪ ಅಂತ ಬರೀಲಾ ಸ್ವಾಮಿ, ಗುಂಡು ಅಂತ ಬರೀಲಾ?"

"ಗುಂಡು ಅಂತ ಬರಿ. ಗುಳಿಯಪ್ಪ ಹಿಡಿದೋರಿಗೆ ಯಾರೂ ಬಡ್ತಿ ಕೊಟ್ಟಿಲ್ಲ," ಎಂದರು ದಫೇದಾರರು.

ಬಸ್ಸು ಹೋಯಿತು. ನಾನು ಠಾಣೆಯ ಬೆಂಚಿನ ಮೇಲೆ ಉಳಿದೆ. ಹತ್ತು ಗಂಟೆಯಾಯಿತು. ಹನ್ನೊಂದಾಯಿತು. ಬಸ್ಸಿನ ಕಂಡಕ್ಟರು ಸುದ್ದಿ ಮುಟ್ಟಿಸಿದ್ದ. ಹನ್ನೊಂದೂವರೆಗೆ ಓವರ್‌ಸಿಯರು ಸೈಕಲ್ಲಿನಲ್ಲಿ ಬಂದರು. ಹಿಂದೆಯೇ ಇನ್ನೊಂದು ಸೈಕಲ್ಲಿನಲ್ಲಿ ಷಡ್ಡಕ. ನನ್ನನ್ನು ಠಾಣೆಯಲ್ಲಿ ಕೂರಿಸಿರುವುದನ್ನು ಕಣ್ಣಾರೆ ನೋಡದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

"ಠಾಣೆ ಮೆಟ್ಲತ್ತಿದೋನ ಕೈಲಿ ಸರ್ಕಾರದ ಕೆಲಸ ಮಾಡುಸ್ತೀರಾ ಸ್ವಾಮಿ?" ಎಂದ.

"ಸುಮ್ನಿರಯ್ಯಾ. ಸೀಸ ಇಲ್ಲದೆ ನಿನ್ನನ್ನ ಕರಗಿಸಿ ಹುಯ್ಯಲಾ? ಸೋಮವಾರ ಅಮಲ್ದಾರರು ನೀರು ಬಿಡೋಕೆ ಬರ್ತಾರೆ," ಎಂದರು ಓವರ್‌ಸಿಯರು. ಅವರ ಬೆವರು ನೋಡಿ ನನಗೆ ಸ್ವಲ್ಪ ಸಮಾಧಾನವಾಯಿತು.

"ಇವು ಗುಂಡಲ್ಲ ಅಂತ ಬರೆದು ರುಜು ಹಾಕಿ, ಬಿಟ್ಟುಬಿಡ್ತೀನಿ," ಎಂದರು ದಫೇದಾರರು.

ರುಜು ಎಂದರೆ ಓವರ್‌ಸಿಯರಿಗೆ ಜ್ವರ ಬರುತ್ತಿತ್ತು. ಕಾಲು ಗಂಟೆ ಯೋಚಿಸಿ ಬರೆದರು: "ಮೇಲ್ನೋಟಕ್ಕೆ ಗುಂಡುಗಳಲ್ಲವೆಂದು ಕಾಣುತ್ತದೆ. ಆದರೆ ಹಾರಿಸಿ ನೋಡಿಲ್ಲ."

ದಫೇದಾರರು ಎರಡು ಸಲ ಓದಿದರು. "ಹಾರಿಸಿ ನೋಡೋಕೆ ನಮ್ಮಲ್ಲೂ ಅಷ್ಟು ದೊಡ್ಡದಿಲ್ಲ," ಎಂದು ಕಾಗದವನ್ನು ವಾಪಸು ಕೊಟ್ಟರು.

ಹನ್ನೆರಡು ಹೊಡೆಯಿತು. ನಾನು ಎದ್ದು ದಫೇದಾರರ ಮುಂದೆ ನಿಂತೆ.

"ನೀವೇ ಜೊತೇಲಿ ಬನ್ನಿ ಸ್ವಾಮಿ. ನಿಮ್ಮ ಕಣ್ಮುಂದೇನೇ ಒಂದೊಂದಾಗಿ ಕರಗುಸ್ತೀನಿ. ಕರಗಿದ್ಮೇಲೆ ಗುಂಡೆಲ್ಲಿ?"

ಅದು ದಫೇದಾರರಿಗೂ ಓವರ್‌ಸಿಯರಿಗೂ ಹಿಡಿಸಿತು. ಎತ್ತಿನ ಗಾಡಿಯಲ್ಲಿ ಚೀಲ, ಚೀಲದ ಮೇಲೆ ಬಂದೂಕು ಹಿಡಿದ ಪೇದೆ, ಹಿಂದೆ ನಾವೆಲ್ಲ. ಕೊಳವೆ ಹೂಳುವ ಕಾಲುವೆಯ ದಂಡೆಯಲ್ಲಿ ಊರೇ ನೆರೆದಿತ್ತು. ಸಾಕ್ಷಿಗೆ ಒಬ್ಬ ಬೇಕೆಂದು ದಫೇದಾರರು ಷಡ್ಡಕನನ್ನು ಹಿಡಿದು ಒಲೆಯ ಪಕ್ಕ ಕೂರಿಸಿದರು. ಅವನು ಬಿಸಿಲಿನಲ್ಲಿ ಎಂಬತ್ತನಾಲ್ಕನ್ನೂ ಎಣಿಸಿ ಎಣಿಸಿ ನನ್ನ ಕೈಗೆ ಕೊಟ್ಟ. ಹೊತ್ತು ಮುಳುಗುವ ಮುಂಚೆ ಹದಿನಾಲ್ಕು ಸಂದಿ ಮುಗಿಸಿದೆ. ಎಲ್ಲ ಸರಿಯಾಗಿ ಆಯಿತೆಂದು ಅವನೇ ರುಜು ಹಾಕಬೇಕಾಯಿತು. ಮುಂದಿನ ಕೆಲಸವೂ ನನಗೇ ಎಂದರು ಓವರ್‌ಸಿಯರು, ಆ ರುಜುವನ್ನು ನೋಡಿಕೊಂಡು.

ದಫೇದಾರರು ಕಾಲುವೆಯ ದಂಡೆಯ ಮೇಲೆ ನಿಂತು, ಮೇಲಕ್ಕೆ ಕಳಿಸುವ ವರದಿಯನ್ನು ಪೇದೆಗೆ ಗಟ್ಟಿಯಾಗಿ ಹೇಳಿ ಬರೆಸಿದರು:

"ಎಂಬತ್ತನಾಲ್ಕು ಗುಂಡುಗಳನ್ನೂ ನಮ್ಮ ಸಮಕ್ಷಮದಲ್ಲಿ ನೆಲದೊಳಕ್ಕೆ ಖರ್ಚು ಮಾಡಿಸಲಾಯಿತು. ನಮ್ಮ ಕಡೆ ಯಾರಿಗೂ ಗಾಯವಾಗಿಲ್ಲ."