ಅವರ್ದು ನಮಗ ಕಾಣಬೇಕು

ಬೇರೆಯಾಗುವುದು ಮಹಾ ಕಷ್ಟದ ಕೆಲಸವೇನಲ್ಲ. ನಮ್ಮ ಜಮಖಂಡಿ ಕಡೆ ಎರಡು ಒಲೆ, ನಡುವೆ ಒಂದು ಗೋಡೆ ಇದ್ದರೆ ಆಯಿತು, ‘ಬ್ಯಾರಿ ಆದ್ವಿ’ ಎಂದು ಎದೆಯುಬ್ಬಿಸಿ ಹೇಳಬಹುದು. ಕಷ್ಟ ಶುರುವಾಗುವುದು ಆಮೇಲೆ. ಗೋಡೆಯಾಚೆ ಇವತ್ತು ಏನು ಪಲ್ಯ ಎಂದು ತಿಳಿಯುವ ತನಕ ಈಚೆಯವರಿಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಇದನ್ನು ನಾನು ಯಾವ ಶಾಸ್ತ್ರ ಓದಿಯೂ ತಿಳಿದದ್ದಲ್ಲ, ಒಂದು ರೌಟರ್ ಕಲಿಸಿತು.

ನಾನು ಕೆಲಸ ಮಾಡುವ ಸಂಸ್ಥೆಯನ್ನು ನಡೆಸುವವರು ಇಬ್ಬರು ಅಣ್ಣತಮ್ಮಂದಿರು. ದೊಡ್ಡಗೌಡರದು ಕಾಲೇಜು, ಸಣ್ಣಗೌಡರದು ಐಟಿಐ, ಕಟ್ಟಡ ಮಾತ್ರ ಒಂದೇ. ಲಗ್ನಪತ್ರಿಕೆಯೊಂದರಲ್ಲಿ ಯಾರ ಹೆಸರು ಮೇಲೆ ಬರಬೇಕೆಂಬ ಘನವಾದ ತಾತ್ವಿಕ ಪ್ರಶ್ನೆಯ ಮೇಲೆ ಇಬ್ಬರೂ ಮಾತು ಬಿಟ್ಟರು. ಮಾತು ಬಿಟ್ಟವರು ನೆಟ್‌ವರ್ಕ್ ಹಂಚಿಕೊಳ್ಳಲಾದೀತೇ? ಕಂಪ್ಯೂಟರ್ ನೋಡಿಕೊಳ್ಳುವ ನನ್ನನ್ನು ಇಬ್ಬರೂ ಬೇರೆ ಬೇರೆಯಾಗಿ ಕರೆದು, “ಮಾಸ್ತರ, ಲೈನ್ ಬ್ಯಾರಿ ಮಾಡ್ರಿ” ಎಂದರು. ಹಾಗಾದರೆ ಇನ್ನೊಂದು ರೌಟರ್ ಕೊಡಿಸಿ ಎಂದೆ. ಅದೊಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತ: ಬೇಡ. ನನ್ನ ನೇಮಕಕ್ಕೆ ಅಣ್ಣನ ಸಹಿ, ಪಗಾರಕ್ಕೆ ತಮ್ಮನ ಸಹಿ. ಆ ನೇಮಕವೂ ವರ್ಷ ವರ್ಷ ಹೊಸದಾಗಿ ಆಗಬೇಕು. ಎದುರಾಡುವ ಧೈರ್ಯ ಎಲ್ಲಿಂದ ತರಲಿ? ಇದ್ದ ಒಂದೇ ರೌಟರ್ ಹೊಟ್ಟೆಯೊಳಗೆ, ಯಾವ ಯಂತ್ರಕ್ಕೆ ಯಾವ ದಾರಿ ಎಂದು ಹೇಳುವ ದಾರಿಪಟ್ಟಿ ಎರಡು ಮಾಡಿಟ್ಟೆ, ಅಣ್ಣನಿಗೊಂದು, ತಮ್ಮನಿಗೊಂದು. ನಮ್ಮ ಕಸುಬಿನಲ್ಲಿ ಇದಕ್ಕೆ ವಿಆರ್‌ಎಫ್ ಎನ್ನುತ್ತಾರೆ. ಒಂದು ಪಟ್ಟಿಯವರ ಪಾಲಿಗೆ ಇನ್ನೊಂದು ಪಟ್ಟಿಯವರು ಹುಟ್ಟೇ ಇಲ್ಲ. ಗೌಡರಿಬ್ಬರಿಗೂ ಈ ವಿವರಣೆ ಬಹಳ ಹಿಡಿಸಿತು.

ಅಷ್ಟರಲ್ಲಿ ಪರೀಕ್ಷೆ ಬಂತು, ಕಾಲೇಜಿನ ಪ್ರಿಂಟರ್ ಕೈಕೊಟ್ಟಿತು. ಮರುದಿನವೇ ಮೊದಲ ಪೇಪರ್; ಬೀಳಗಿಯಿಂದ, ತುಬಚಿಯಿಂದ ಬಸ್ಸು ಹಿಡಿದು ಬಂದ ಮಕ್ಕಳು ಹಾಲ್ ಟಿಕೆಟ್ಟಿಗಾಗಿ ಬಿಸಿಲಲ್ಲಿ ನಿಂತಿದ್ದಾರೆ. ನೆಟ್ಟಗಿರುವ ಪ್ರಿಂಟರ್ ಇರುವುದು ತಮ್ಮನ ಐಟಿಐಯಲ್ಲಿ. ಪೆನ್‌ಡ್ರೈವ್ ಹಿಡಿದು ಹೋಗಿ ಬರುತ್ತೇನೆ ಎಂದರೆ ದೊಡ್ಡಗೌಡರು, “ನಮ್ಮ ಮಂದಿ ಕೈ ಚಾಚಿ ಅವನ ಬಾಗಲಿಗೆ ಹೋಗೂದ? ಇಲ್ಲಿ ಕುಂತ ತಗೀರಿ. ಅವರ್ದು ನಮಗ ಕಾಣಬೇಕು, ನಮ್ದು ಅವರಿಗೆ ಕಾಣಬಾರ್ದು” ಎಂದರು.

“ಹಂಗಂದ್ರ ರೂಟ್ ಲೀಕ್ ಮಾಡಬೇಕ್ರಿ” ಎಂದೆ. ಒಂದು ಪಟ್ಟಿಯ ದಾರಿಯನ್ನು ಇನ್ನೊಂದು ಪಟ್ಟಿಗೆ ಬರೆದುಕೊಡುವುದಕ್ಕೆ ಯಾರೋ ಪುಣ್ಯಾತ್ಮರು ಇಟ್ಟ ಹೆಸರು ಅದು, ನನ್ನ ತಪ್ಪಲ್ಲ. ಗೌಡರು ಕುರ್ಚಿ ಬಿಟ್ಟು ಎದ್ದೇ ನಿಂತರು. “ಏ ಮಾಸ್ತರ! ಪರೀಕ್ಷಾ ಹೊತ್ನ್ಯಾಗ ಲೀಕ್ ಅಂತೀರಲ್ರಿ! ಯಾರರ ಕೇಳಿದ್ರ ನಾಳೆ ನನ್ನ ಮಾರಿ ಪೇಪರ್‌ದಾಗ ಬರ್ತೈತಿ!”

ಅವರು ಹೇಳಿದ್ದನ್ನೇ ಚಾಚೂ ತಪ್ಪದೆ ಮಾಡಿದೆ. ಪ್ರಿಂಟರಿನ ದಾರಿಯನ್ನು ಕಾಲೇಜಿನ ಪಟ್ಟಿಗೆ ಸೇರಿಸಿದೆ, ಕಾಲೇಜಿನ ದಾರಿಯನ್ನು ಆಚೆಗೆ ಕೊಡಲಿಲ್ಲ. ಒಂದು ಹಾಳೆಯೂ ಹೊರಬರಲಿಲ್ಲ. ಬರುವುದಾದರೂ ಹೇಗೆ? ನಮ್ಮ ಕೂಗು ಅಲ್ಲಿಗೆ ಮುಟ್ಟುತ್ತಿತ್ತು, ‘ಓ’ ಎನ್ನಲು ಆ ಪ್ರಿಂಟರಿಗೆ ನಮ್ಮ ದಾರಿ ಗೊತ್ತಿರಲಿಲ್ಲ.

“ಅದಕ್ಕೂ ನಮ್ಮ ದಾರಿ ಗೊತ್ತಿರಬೇಕ್ರಿ ಸಾಹೇಬ್ರ. ಇಲ್ಲಾಂದ್ರ ಉತ್ತರ ಕೊಡಾಕ ಬರೂದಿಲ್ಲ.”

“ಉತ್ತರ ಯಾಕ ಕೊಡಬೇಕದು? ಹೇಳಿದ್ದು ಮಾಡಲಿ. ನಮ್ಮ ಮನ್ಯಾಗ ನಾ ಹೇಳಿದ್ರ ಯಾರರ ಉತ್ತರ ಕೊಡ್ತಾರೇನು?”

ಖರೆ. ಅವರ ಮನೆಯಲ್ಲಿ ಯಾರೂ ಉತ್ತರ ಕೊಡುವುದಿಲ್ಲ. ಹೇಳಿದ್ದನ್ನೂ ಮಾಡುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು, ಅವರೊಬ್ಬರನ್ನು ಬಿಟ್ಟು.

ಸಣ್ಣಗೌಡರ ಹತ್ತಿರ ಓಡಿದೆ. “ಪ್ರಿಂಟರ್ ಬೇಕಾದ್ರ ತಗೊಳ್ರಿ, ನಾ ಏನ್ ಅಷ್ಟು ಸಣ್ಣ ಮನಶ್ಯಾ ಅಲ್ಲ” ಎಂದು ಉದಾರವಾಗಿ ಹೇಳಿ, ದನಿ ತಗ್ಗಿಸಿದರು. “ಆದರ ಅವರ್ದು ನಮಗ ಕಾಣಬೇಕು, ನಮ್ದು ಅವರಿಗೆ ಕಾಣಬಾರ್ದು.” ಒಂದೇ ತಾಯಿಯ ಹಾಲು ಕುಡಿದವರು, ಬೇರೆ ಮಾತು ಬರುವುದಾದರೂ ಎಲ್ಲಿಂದ? ಹೊರಗೆ ಮಕ್ಕಳು ಬಿಸಿಲಲ್ಲಿ ಬಾಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ನೌಕರಿ ಹೋಗಬಾರದಲ್ಲ, ಅದಕ್ಕೆ ನಗುತ್ತಲೇ ಹೇಳಿದೆ: “ನಿಮ್ದೇನೂ ಅವರಿಗೆ ಕಾಣೂದಿಲ್ರಿ, ಚಿಂತಿ ಬಿಡ್ರಿ.” ಅಣ್ಣನಿಗೂ ಹೋಗಿ ಅದೇ ಮಾತು ಒಪ್ಪಿಸಿದೆ. ಆಮೇಲೆ ಆ ಪ್ರಿಂಟರಿಗೂ ಕಾಲೇಜಿನ ಆಫೀಸಿಗೂ ನಡುವೆ ಹೋಗುವ ದಾರಿ, ಬರುವ ದಾರಿ ಎರಡನ್ನೂ ಸದ್ದಿಲ್ಲದೆ ತೆರೆದೆ. ಹಾಲ್ ಟಿಕೆಟ್ಟುಗಳು ಆಚೆ ಬಿಸಿಬಿಸಿಯಾಗಿ ಬಿದ್ದವು, ನಾನೇ ಗೌಡರ ಕಣ್ಣು ತಪ್ಪಿಸಿ ತಂದು ಮಕ್ಕಳಿಗೆ ಹಂಚಿದೆ. ಎದುರಾಳಿಯ ಸಾಮ್ರಾಜ್ಯವನ್ನೇ ಕದ್ದು ನೋಡುತ್ತಿದ್ದೇನೆಂಬ ಠೀವಿಯಲ್ಲಿ ಗೌಡರಿಬ್ಬರೂ ಮನೆಗೆ ಹೋದರು. ಇಬ್ಬರಿಗೂ ಕಂಡದ್ದು ಅದೊಂದೇ ಪ್ರಿಂಟರ್.

ಸಂಜೆ ಇದನ್ನೆಲ್ಲ ಅಭಿನಯಿಸಿ ತೋರಿಸಿ ಹೆಂಡತಿಯನ್ನು ನಗಿಸಲು ಹೋದೆ. ಅವಳು ರೊಟ್ಟಿ ಬಡಿಯುತ್ತ, “ಗೌಡರಿಗೆ ನಗಬ್ಯಾಡ್ರಿ. ನೀವೂ ನಿಮ್ಮ ಅಣ್ಣಾರ ಸ್ಟೇಟಸ್ ದಿನಾ ಕದ್ದ ನೋಡ್ತೀರಲ್ಲ, ಅದಕ್ಕೇನಂತಾರ?” ಎಂದಳು.

ನನ್ನಣ್ಣ ಮುಧೋಳದಲ್ಲಿದ್ದಾನೆ. ಅವನ ವಾಸ್ತುಶಾಂತಿ ಪತ್ರಿಕೆಯಲ್ಲಿ ನನ್ನ ಹೆಸರನ್ನು ಅವನ ಮೈದುನನ ಹೆಸರಿನ ಕೆಳಗೆ ಹಾಕಿಸಿದ್ದ. ಅಂದಿನಿಂದ ಮಾತಿಲ್ಲ. ನಮ್ಮದು ಗೌಡರ ಜಗಳದಂತೆ ಕ್ಷುಲ್ಲಕವಲ್ಲ ಎಂದು ಓದುಗರು ದಯವಿಟ್ಟು ಗಮನಿಸಬೇಕು. ಅವನ ಸ್ಟೇಟಸ್ ನೋಡುತ್ತೇನೆ ನಿಜ, ನೋಡಿದ್ದು ಅವನಿಗೆ ಗೊತ್ತಾಗದಂತೆ ಮೊಬೈಲಿನಲ್ಲಿ ಬಂದೋಬಸ್ತ್ ಮಾಡಿಕೊಂಡಿದ್ದೇನೆ.

“ಅವರೂ ನಿಮ್ದು ಹಂಗ ನೋಡ್ತಾರಂತ” ಎಂದಳು.

“ನಿನಗ್ಯಾರು ಹೇಳಿದ್ರು?”

“ಮುಧೋಳದ ಅಕ್ಕಾರು. ದಿನಾ ಫೋನ್ ಮಾಡ್ತೇವಲ್ಲ.”

ಅಂದರೆ ನನ್ನ ವೈನಿ, ಅಣ್ಣನ ಹೆಂಡತಿ! “ಹಂಗಾರ ನನ್ನ ಸಕ್ಕರಿ ಕಾಯಿಲೆ, ಕಾಯಂ ಆಗದ ನೌಕರಿ, ಎಲ್ಲಾ ಅವನ ಕಿವಿಗೆ ಬಿದ್ದೈತೇನ?”

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ನನ್ನನ್ನು ನೋಡಿ ಬಹಳ ಸಮಾಧಾನದಿಂದ ನಕ್ಕಳು.

“ನಿಮ್ದೇನೂ ಅವರಿಗೆ ಕಾಣೂದಿಲ್ರಿ, ಚಿಂತಿ ಬಿಡ್ರಿ.”